ಪ್ರತಿನಾಯಕನ ಶೋಕ: ‘ಹಾರ್ಟ್ ಆಫ್ ಐಸ್’ ಎಂಬ ಚಲಿಸುವ ಚಿತ್ರಕಥೆಯ ರಸವಿಚಾರ

೧. ವಿಷಯಪ್ರವೇಶ

ಪ್ರಸಿದ್ಧವಾದ ಕಥೆಯೊಂದನ್ನು ಕೈಗೊಂಡ ಕವಿಯು ಅದರಲ್ಲಿ ಯಾವ ಭಾಗವನ್ನು ಬದಲಾಯಿಸಬಹುದು, ಯಾವ ಭಾಗವನ್ನು ಮುಟ್ಟದೆ ಬಿಡಬೇಕು ಎಂಬ ಪ್ರಶ್ನೆಯು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಇತಿವೃತ್ತದ ಒಂದು ಅಂಶವು ರಸಕ್ಕೆ ಪ್ರತಿಕೂಲವಾದರೆ ಕವಿಯು ಅದನ್ನು ತ್ಯಜಿಸಿ ರಸಕ್ಕೆ ಅನುಗುಣವಾದ ಬೇರೊಂದನ್ನು ಕಲ್ಪಿಸಿಕೊಳ್ಳಬೇಕೆಂದು ಆನಂದವರ್ಧನನು ಧ್ವನ್ಯಾಲೋಕದ ತೃತೀಯೋದ್ದ್ಯೋತದಲ್ಲಿ ವಿಧಿಸಿರುವನು. ಕುಂತಕನು ವಕ್ರೋಕ್ತಿಜೀವಿತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲದಲ್ಲಿ ಇಲ್ಲದ ಒಂದು ಸಣ್ಣ ಸಂಗತಿಯನ್ನು ಸೇರಿಸುವುದರಿಂದಲೇ ಸಮಗ್ರ ಪ್ರಬಂಧಕ್ಕೆ ಜೀವಕಳೆ ಬರುವುದುಂಟೆಂದು ಹೇಳಿ, ಅದಕ್ಕೆ ಶಾಕುಂತಲದ ದುರ್ವಾಸಶಾಪವನ್ನು ನಿದರ್ಶನವಾಗಿ ಕೊಟ್ಟಿರುವನು. ಆದರೆ ಈ ಆಚಾರ್ಯರಿಬ್ಬರ ದೃಷ್ಟಿಯೂ ಬಹುಮಟ್ಟಿಗೆ ನಾಯಕನ ಮೇಲೆಯೇ ನೆಟ್ಟಿದೆ. ಕಳಂಕವನ್ನು ತೊಡೆಯಬೇಕಾದದ್ದು ದುಷ್ಯಂತನಿಗೆ. ನಾಯಕನಿಗೆ ಎದುರಾಗಿ ನಿಲ್ಲುವ ಪ್ರತಿನಾಯಕನನ್ನು ಪುನಃ ಕಡೆಯುವಾಗ ಕವಿಗೆ ಇರತಕ್ಕ ಸ್ವಾತಂತ್ರ್ಯವೆಷ್ಟು, ಹೊಣೆಯೆಷ್ಟು ಎಂಬುದನ್ನು ನಾವೇ ವಿಚಾರಿಸಿ ನೋಡಬೇಕಾಗಿದೆ.

ಈ ವಿಚಾರಕ್ಕೆ ಅತ್ಯಂತ ಅನುಕೂಲವಾದ ಒಂದು ನಿದರ್ಶನವು ಅಮೆರಿಕ ದೇಶದಲ್ಲಿ ದೊರೆಯುತ್ತದೆ. ಅಲ್ಲಿಯ ಕಾಮಿಕ್ ಪುಸ್ತಕಗಳಲ್ಲಿ ಪ್ರಸಿದ್ಧನಾದ ಬ್ಯಾಟ್‌ಮ್ಯಾನ್ ಎಂಬ ವೀರನ ಕಥೆಗಳನ್ನು ಅವಲಂಬಿಸಿ ೧೯೯೨ರಲ್ಲಿ ‘ಬ್ಯಾಟ್‌ಮ್ಯಾನ್: ದಿ ಆನಿಮೇಟೆಡ್ ಸೀರೀಸ್’ ಎಂಬ ಟೆಲಿವಿಷನ್ ಚಿತ್ರಮಾಲೆ ಪ್ರಾರಂಭವಾಯಿತು. ಆ ಮಾಲೆಯಲ್ಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಸಾರವಾದ ‘ಹಾರ್ಟ್ ಆಫ್ ಐಸ್’, ಎಂದರೆ ಹಿಮಹೃದಯ, ಎಂಬ ಕಥೆಯು ಮಿಸ್ಟರ್ ಫ್ರೀಜ್ ಎಂಬ ಹಳೆಯ ಖಳನನ್ನು ಹೊಸದಾಗಿ ಕಟ್ಟಿತು. ಇದನ್ನು ರಚಿಸಿದವನು ಪಾಲ್ ಡಿನಿ. ನಿರ್ದೇಶಿಸಿದವನು ಬ್ರೂಸ್ ಟಿಮ್. ಇಪ್ಪತ್ತೆರಡು ನಿಮಿಷಗಳಷ್ಟೇ ನಡೆಯುವ, ಮುಖ್ಯವಾಗಿ ಬಾಲಕರಿಗಾಗಿ ಸಿದ್ಧವಾದ ಈ ಕಿರುಕಥೆಗೆ ಆನಿಮೇಷನ್ ವಿಭಾಗದ ಲೇಖನಕ್ಕಾಗಿ ಮೀಸಲಾದ ಡೇಟೈಮ್ ಎಮ್ಮಿ ಬಹುಮಾನವು ೧೯೯೩ರಲ್ಲಿ ದೊರೆಯಿತು.

ವಿದ್ವತ್ಪತ್ರಿಕೆಯಲ್ಲಿ ಇಂಥ ವಸ್ತುವಿಗೆ ಸ್ಥಳವುಂಟೇ ಎಂದು ಕೆಲವರಾದರೂ ಕೇಳಬಹುದು. ಭರತನು ನಾಟ್ಯವನ್ನು ಎಲ್ಲ ವರ್ಣದವರಿಗೂ ಸಲ್ಲುವ ಕ್ರೀಡನೀಯಕವೆಂದು ಹೇಳಿ, ಅದನ್ನೇ ವೇದವೆಂದೂ ಕರೆದನು. ಆಟದ ವಸ್ತುವೆಂಬ ಕಾರಣದಿಂದ ಅದನ್ನು ಅವನು ತಿರಸ್ಕರಿಸಲಿಲ್ಲ. ರಸವು ಎಲ್ಲಿ ಸಿದ್ಧಿಸಿತೋ ಅಲ್ಲಿ ಪರೀಕ್ಷೆಗೆ ಅವಕಾಶವಿದೆ. ಸಿದ್ಧಿಸಿತೇ ಇಲ್ಲವೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವ ಅಂಶವು ಒಂದೇ: ಡಿನಿಯು ಖಳನ ಬಾಹ್ಯಲಕ್ಷಣಗಳಲ್ಲಿ ಯಾವುದನ್ನೂ ತೆಗೆದುಹಾಕದೆ, ಅವುಗಳ ಹಿಂದೆ ಶೋಕವೆಂಬ ಒಂದು ಸ್ಥಾಯಿಯನ್ನು ನಿಲ್ಲಿಸಿದನು, ಆ ಶೋಕವನ್ನು ಪಾಪಕ್ಕೆ ಕಾರಣವಾಗಿ ತೋರಿಸಿದನೇ ಹೊರತು ಪಾಪಕ್ಕೆ ಪರಿಹಾರವಾಗಿ ತೋರಿಸಲಿಲ್ಲ. ಅನಂತರ ಬಂದವರು ಕಾರಣವನ್ನು ಮಾತ್ರ ಕೈಗೊಂಡು ಈ ವಿವೇಕವನ್ನು ಕೈಬಿಟ್ಟ ಕಡೆಗಳಲ್ಲೆಲ್ಲ ರಸಭಂಗವಾಗಿದೆ.

೨. ಮೂಲದ ಖಳನ ಸ್ವರೂಪ

ಬ್ಯಾಟ್‌ಮ್ಯಾನನು ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬವರ ಕಲ್ಪನೆಯಿಂದ ೧೯೩೯ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ ೨೭ನೆಯ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡನು. ಬಾಲ್ಯದಲ್ಲಿ ತನ್ನ ಕಣ್ಣೆದುರಿನಲ್ಲೇ ತಂದೆತಾಯಿಗಳು ಕೊಲೆಯಾದುದನ್ನು ಕಂಡ ಬ್ರೂಸ್ ವೇಯ್ನ್ ಎಂಬ ಧನಿಕನು ರಾತ್ರಿಯ ವೇಳೆ ಬಾವಲಿಯ ವೇಷವನ್ನು ಧರಿಸಿ ಗಾಥಮ್ ಎಂಬ ಕಲ್ಪಿತನಗರದಲ್ಲಿ ದುಷ್ಟರನ್ನು ನಿಗ್ರಹಿಸುವುದು ಕಥೆಯ ತಿರುಳು. ಇಲ್ಲಿ ನಾಯಕನ ಉತ್ಸಾಹಕ್ಕೆ ಶೋಕವೇ ಬೀಜವೆಂಬುದನ್ನು ವಾಚಕರು ಲಕ್ಷ್ಯದಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಉಪಯೋಗ ಬರುತ್ತದೆ.

ನಮಗೆ ಪ್ರಕೃತನಾದ ಖಳನು ೧೯೫೯ರ ಫೆಬ್ರವರಿಯ ‘ಬ್ಯಾಟ್‌ಮ್ಯಾನ್’ ೧೨೧ನೆಯ ಸಂಚಿಕೆಯಲ್ಲಿ ಮಿಸ್ಟರ್ ಜೀರೋ ಎಂಬ ಹೆಸರಿನಿಂದ ಬಂದನು. ಶೈತ್ಯಾಸ್ತ್ರವನ್ನು ಕುರಿತ ಪ್ರಯೋಗದಲ್ಲಿ ಅಪಘಾತಕ್ಕೆ ಸಿಕ್ಕಿ, ಅತಿಶೀತದಲ್ಲಲ್ಲದೆ ಬದುಕಲಾರದವನಾಗಿ, ಶೀತಕವಚವನ್ನು ತೊಟ್ಟು ವಜ್ರಗಳನ್ನು ಕದಿಯುವುದು ಅವನ ವೃತ್ತಿ. ಇಂಗ್ಲಿಷ್ ಆಡುಮಾತಿನಲ್ಲಿ ಮಂಜುಗಡ್ಡೆಯನ್ನು ಹೇಳುವ ಶಬ್ದವೇ ವಜ್ರಕ್ಕೂ ಸಲ್ಲುವುದರಿಂದ ಇಡೀ ಪಾತ್ರವು ಒಂದು ಶ್ಲೇಷೆಯ ಮೇಲೆ ನಿಂತಿದೆ ಎನ್ನಬಹುದು. ೧೯೬೬ರಲ್ಲಿ ಪ್ರಾರಂಭವಾದ ಟೆಲಿವಿಷನ್ ನಾಟಕಮಾಲೆಯಲ್ಲಿ ಇವನಿಗೆ ಮಿಸ್ಟರ್ ಫ್ರೀಜ್ ಎಂಬ ಹೆಸರಾಯಿತು. ಜಾರ್ಜ್ ಸ್ಯಾಂಡರ್ಸ್, ಆಟೊ ಪ್ರೆಮಿಂಜರ್, ಈಲೈ ವಾಲಕ್ ಎಂಬ ಮೂವರು ನಟರು ಒಬ್ಬರಾದ ಮೇಲೊಬ್ಬರು ಈ ಪಾತ್ರವನ್ನು ವಹಿಸಿದರು. ಆ ನಾಟಕಮಾಲೆಯ ಪ್ರಧಾನರಸವು ಹಾಸ್ಯ.

ಧನಂಜಯನು ದಶರೂಪಕದಲ್ಲಿ ಪ್ರತಿನಾಯಕನಿಗೆ ಲುಬ್ಧತ್ವ, ಧೀರೋದ್ಧತತ್ವ, ಸ್ತಬ್ಧತ್ವ, ಪಾಪಕಾರಿತ್ವ, ವ್ಯಸನಿತ್ವ ಎಂಬ ಲಕ್ಷಣಗಳನ್ನು ಹೇಳಿರುವನು. ಮಿಸ್ಟರ್ ಜೀರೋವಿನಲ್ಲಿ ಇವೆಲ್ಲವೂ ಸ್ಥೂಲವಾಗಿ ಹೊಂದುತ್ತವೆ. ಆದರೂ ಅವನು ಪ್ರತಿನಾಯಕನ ಪದವಿಗೆ ಏರಲಿಲ್ಲ. ಕಾರಣವೇನೆಂದರೆ, ಲಕ್ಷಣಗಳು ಇದ್ದರೂ ಅವುಗಳಿಗೆ ಆಶ್ರಯವಾದ ಸ್ಥಾಯಿಭಾವವಿರಲಿಲ್ಲ. ವಜ್ರದ ಲೋಭವು ವ್ಯಭಿಚಾರಿಯಾಗಿ ಬಂದು ಹೋಗಬಲ್ಲುದೇ ಹೊರತು ಕಥೆಯನ್ನು ಹೊರಲಾರದು. ಶೀತಾಸ್ತ್ರವೂ ಕವಚವೂ ಬರಿಯ ಆಹಾರ್ಯವಾಗಿ, ಎಂದರೆ ವೇಷಭೂಷಣವಾಗಿ, ಉಳಿದುವು. ಅವುಗಳನ್ನು ಕಳಚಿದರೆ ಒಳಗೆ ಯಾರೂ ಇರಲಿಲ್ಲ.

೩. ನೂತನಕಲ್ಪನೆ

ಡಿನಿಯು ಮಾಡಿದ ಮುಖ್ಯವಾದ ಮಾರ್ಪಾಡು ಒಂದೇ. ಖಳನಿಗೆ ಒಬ್ಬ ಹೆಂಡತಿಯನ್ನು ಕೊಟ್ಟನು. ವಿಕ್ಟರ್ ಫ್ರೀಸ್ ಎಂಬ ವಿಜ್ಞಾನಿಯ ಪತ್ನಿ ನೋರಾ ಅಸಾಧ್ಯವಾದ ರೋಗಕ್ಕೆ ತುತ್ತಾಗಿರುವಳು. ಚಿಕಿತ್ಸೆ ದೊರೆಯುವವರೆಗೆ ಅವಳ ದೇಹವನ್ನು ಶೀತದಲ್ಲಿ ಕೆಡದಂತೆ ಇರಿಸಲು ಫ್ರೀಸನು ತಾನು ನೌಕರನಾಗಿರುವ ಗಾಥ್‌ಕಾರ್ಪ್ ಎಂಬ ಸಂಸ್ಥೆಯ ಉಪಕರಣಗಳಿಂದ ಯತ್ನಿಸುವನು. ಹಣವು ವ್ಯರ್ಥವಾಗುತ್ತಿದೆಯೆಂದು ಸಂಸ್ಥೆಯ ಒಡೆಯನಾದ ಫೆರಿಸ್ ಬಾಯ್ಲ್ ಕಾವಲುಗಾರರೊಡನೆ ಬಂದು ಪ್ರಯೋಗವನ್ನು ನಿಲ್ಲಿಸಿ, ಅಡ್ಡಬಂದ ಫ್ರೀಸನನ್ನು ರಾಸಾಯನಿಕಗಳ ಮೇಲಕ್ಕೆ ಒದ್ದು ಕೆಡಹುವನು. ಪತ್ನಿಯನ್ನು ಕಳೆದುಕೊಂಡವನು ತಾನೇ ಶೀತಕ್ಕೆ ಸೆರೆಯಾಗುವನು.

ಕುಂತಕನು ದುರ್ವಾಸಶಾಪದಲ್ಲಿ ಕಂಡುದನ್ನೇ ಇಲ್ಲಿಯೂ ಕಾಣಬಹುದು. ಸೇರಿಸಿದ್ದು ಅಲ್ಪ, ಬದಲಾದದ್ದು ಸಮಸ್ತ. ಶೀತವು ಮೊದಲು ಖಳನ ಆಯುಧವಾಗಿತ್ತು. ಈಗ ಅವನು ಹೆಂಡತಿಯನ್ನು ಉಳಿಸಿಕೊಳ್ಳಲು ಹೂಡಿದ ಉಪಾಯದ ಶೇಷವಾಯಿತು. ಕವಚವು ಮೊದಲು ವಿಚಿತ್ರವೇಷವಾಗಿತ್ತು. ಈಗ ಅವಳನ್ನು ಇರಿಸಿದ್ದ ಪೆಟ್ಟಿಗೆಯ ಪ್ರತಿರೂಪವಾಯಿತು. ಅವಳು ಒಳಗಿದ್ದ ಹಾಗೆ ಅವನೂ ಗಾಜಿನ ಹಿಂದೆ ಇರುವನು. ಹೆಸರು ಮೊದಲು ಕಳ್ಳನು ಇಟ್ಟುಕೊಂಡ ಬಿರುದಾಗಿತ್ತು. ಈಗ, ಉಚ್ಚಾರಣೆಯ ಸಾಮ್ಯದಿಂದ, ಹುಟ್ಟಿನಿಂದ ಬಂದ ಮನೆತನದ ಹೆಸರೇ ಬಿರುದಾಗಿ ಪರಿಣಮಿಸಿತು. ವಿಕ್ಟರ್ ಫ್ರೀಸ್ ಎಂಬ ನಾಮಧೇಯವೂ ಈ ಚಿತ್ರಮಾಲೆಯದೇ. ಮೂಲದ ಶ್ಲೇಷೆಯನ್ನು ಅವನು ಬಿಡಲಿಲ್ಲ, ಅದಕ್ಕೆ ಅರ್ಥವನ್ನು ಕೊಟ್ಟನು.

ಇಂಥ ಕಲ್ಪನೆಗೆ ನಮ್ಮಲ್ಲಿಯೂ ಪೂರ್ವನಿದರ್ಶನವುಂಟು. ಊರುಭಂಗದಲ್ಲಿ ಭಾಸನು ತೊಡೆಮುರಿದು ಬಿದ್ದ ದುರ್ಯೋಧನನ ಬಳಿಗೆ ದುರ್ಜಯನೆಂಬ ಎಳೆಯ ಮಗನನ್ನು ತರುವನು. ಭಾರತದಲ್ಲಿ ಈ ಪ್ರಸಂಗವಿಲ್ಲ. ತಂದೆಯ ತೊಡೆಯನ್ನೇರಲು ಬಂದ ಮಗುವಿಗೆ ತೊಡೆಯೇ ಇಲ್ಲವೆಂಬ ಒಂದು ಸಂಗತಿಯಿಂದ, ಗದಾಯುದ್ಧದ ಧರ್ಮಾಧರ್ಮವಿಚಾರವೆಲ್ಲ ಹಿಂದೆ ಸರಿದು ಕರುಣವು ಮುಂದೆ ಬರುತ್ತದೆ. ಕನ್ನಡದಲ್ಲಿ ರನ್ನನು ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ದುರ್ಯೋಧನನನ್ನು ನಡೆಯಿಸಿದುದೂ, ನಾಗಚಂದ್ರನು ಜೈನರಾಮಾಯಣದ ಪರಂಪರೆಯನ್ನು ಅನುಸರಿಸಿ ಸೀತೆಯ ದುಃಖವನ್ನು ಕಂಡ ರಾವಣನಲ್ಲಿ ಪಶ್ಚಾತ್ತಾಪವನ್ನು ಹುಟ್ಟಿಸಿದುದೂ ಇದೇ ಜಾತಿಯ ಕಾರ್ಯ. ಆದರೆ ಒಂದು ಭೇದವನ್ನು ಮರೆಯಬಾರದು. ಊರುಭಂಗದ ದುರ್ಯೋಧನನ ಪಾಪಗಳು ಮುಗಿದು ಹೋಗಿವೆ, ಅವನು ಸಾಯುತ್ತಿರುವನು, ಕರುಣೆ ತೋರುವುದರಿಂದ ಯಾರಿಗೂ ಅಪಾಯವಿಲ್ಲ. ಫ್ರೀಸನ ಪಾಪವಾದರೋ ಕಥೆಯ ಉದ್ದಕ್ಕೂ ನಡೆಯುತ್ತಲೇ ಇದೆ. ಕವಿಯ ಕೆಲಸ ಇಲ್ಲಿ ಹೆಚ್ಚು ಕಷ್ಟವಾದದ್ದು.

೪. ಅನುಭಾವವಿಲ್ಲದ ಶೋಕ

ಈ ಕಥೆಯ ನಿಜವಾದ ಸಾಹಸವು ಹೆಂಡತಿಯ ಕಲ್ಪನೆಯಲ್ಲಿಲ್ಲ. ಅಷ್ಟನ್ನು ಸಾಮಾನ್ಯ ಕವಿಯೂ ಮಾಡಿಯಾನು. ಶೋಕವನ್ನು ಸ್ಥಾಯಿಯಾಗಿ ಇಟ್ಟುಕೊಂಡು, ಅದನ್ನು ವ್ಯಕ್ತಪಡಿಸುವ ಅನುಭಾವಗಳನ್ನೆಲ್ಲ ಕವಿಯು ನಿಷೇಧಿಸಿಕೊಂಡುದರಲ್ಲಿ ಅದು ಇದೆ. ತನ್ನಲ್ಲಿ ಭಾವಗಳೆಲ್ಲ ಹೆಪ್ಪುಗಟ್ಟಿ ಸತ್ತುಹೋಗಿವೆಯೆಂದು ಫ್ರೀಸನು ತಾನೇ ಹೇಳಿಕೊಳ್ಳುವನು. ಅವನಿಗೆ ಕಂಠದಾನ ಮಾಡಿದ ಮೈಕೇಲ್ ಅನ್ಸಾರಾ ಎಂಬ ನಟನು ಏರಿಳಿತವಿಲ್ಲದ, ಯಂತ್ರದೊಳಗಿಂದ ಬರುವಂತಿರುವ ಒಂದೇ ಸ್ವರದಲ್ಲಿ ಮಾತುಗಳನ್ನು ಆಡುವನು. ಮೈಕ್ ಮಿನ್ಯೋಲಾ ಎಂಬ ಚಿತ್ರಕಾರನು ಹೊಸದಾಗಿ ರೂಪಿಸಿದ ಆಕೃತಿಯಲ್ಲಿ ಮುಖವು ಬಿಳಿಚಿಕೊಂಡು ನಿಶ್ಚಲವಾಗಿದೆ. ಕಣ್ಣುಗಳನ್ನು ಕೆಂಪು ಕನ್ನಡಕವು ಮುಚ್ಚಿದೆ. ಚಲಿಸುವ ಚಿತ್ರಕಲೆಗೆ ಸಹಜವಾದ ಬಲವೆಂದರೆ ಮುಖವಿಕಾರವನ್ನೂ ಅಂಗವಿಕ್ಷೇಪವನ್ನೂ ಮನಬಂದಂತೆ ಹಿಗ್ಗಿಸಿ ತೋರಿಸುವುದು. ಆ ಬಲವನ್ನೇ ಇಲ್ಲಿ ಬಿಟ್ಟುಕೊಟ್ಟಿದ್ದಾರೆ.

ಹಾಗಾದರೆ ಶೋಕವು ವ್ಯಕ್ತವಾಗುವುದು ಹೇಗೆ? ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕಭಾವಗಳನ್ನು ಶಾಸ್ತ್ರವು ಹೇಳುತ್ತದೆ. ಇವುಗಳಲ್ಲಿ ಸ್ತಂಭ, ಸ್ವರಭೇದ, ವೈವರ್ಣ್ಯ ಈ ಮೂರೂ ಫ್ರೀಸನ ದೇಹದಲ್ಲಿ ನಿತ್ಯವಾಗಿ ನೆಲಸಿವೆ. ಮೊದಲು ನೋಡಿದಾಗ ಅವು ಅಪಘಾತದ ಲಕ್ಷಣಗಳು. ಕಥೆ ತಿಳಿದ ಮೇಲೆ ಅವೇ ಶೋಕದ ಅನುಭಾವಗಳು. ಅವನ ದುಃಖವು ಒಂದು ಕ್ಷಣದಲ್ಲಿ ನಿಂತುಬಿಟ್ಟು ದೇಹವಾಗಿ ಪರಿಣಮಿಸಿದೆ. ಧನಂಜಯನ ‘ಸ್ತಬ್ಧ’ ಎಂಬ ಲಕ್ಷಣವು ಗರ್ವದಿಂದ ಬಗ್ಗದಿರುವುದೆಂಬ ಅರ್ಥವನ್ನು ಹೊಂದಿದೆ. ಇಲ್ಲಿ ಅದೇ ಶಬ್ದವು ದುಃಖದಿಂದ ಕದಲಲಾರದಿರುವುದೆಂಬ ಅರ್ಥಕ್ಕೂ ಸಲ್ಲುತ್ತದೆ. ಉತ್ತರರಾಮಚರಿತದಲ್ಲಿ ಭವಭೂತಿಯು ರಾಮನ ಶೋಕವನ್ನು ಬಾಯಿಮುಚ್ಚಿದ ಪಾತ್ರೆಯೊಳಗೆ ಬೇಯುವ ಪುಟಪಾಕಕ್ಕೆ ಹೋಲಿಸಿರುವುದನ್ನು ಸಹೃದಯರು ನೆನೆಯಬಹುದು. ಅಲ್ಲಿ ಮುಚ್ಚಳದ ಒಳಗಿರುವುದು ತಾಪ, ಇಲ್ಲಿ ಶೈತ್ಯ. ಒಳಗಿದ್ದು ಹೊರಗೆ ತೋರದಿರುವಿಕೆಯಿಂದಲೇ ತೀವ್ರವಾಗುವುದು ಎರಡು ಕಡೆಯೂ ಸಮಾನ.

ವಿಭಾವಗಳನ್ನಾದರೂ ಕವಿಯು ಎಷ್ಟು ಮಿತವಾಗಿ ಬಳಸಿರುವನೆಂಬುದನ್ನು ನೋಡಬೇಕು. ಕಥೆಯ ಪ್ರಾರಂಭದಲ್ಲಿ ಫ್ರೀಸನ ಕೈಯಲ್ಲಿ ಗಾಜಿನ ಗೋಳವೊಂದಿದೆ. ಅದರೊಳಗೆ ಕೃತಕವಾದ ಹಿಮವು ಬೀಳುತ್ತಿರಲು ನರ್ತಕಿಯ ಸಣ್ಣ ಪ್ರತಿಮೆಯೊಂದು ನಿಂತಿದೆ. ಆಗ ಅದು ಯಾರ ನೆನಪೆಂದು ಪ್ರೇಕ್ಷಕನಿಗೆ ತಿಳಿಯದು. ಪೂರ್ವಕಥೆಯು ಅರ್ಧ ಕಳೆದ ಮೇಲೆ, ಬ್ಯಾಟ್‌ಮ್ಯಾನನು ಗಾಥ್‌ಕಾರ್ಪಿನ ಕಡತಗಳಲ್ಲಿ ಹುಡುಕಿ ತೆಗೆದ ವೀಡಿಯೋ ಮುದ್ರಿಕೆಯ ಮೂಲಕ ಬರುತ್ತದೆ. ಇದು ನಮ್ಮ ನಾಟಕಗಳ ಗರ್ಭಾಂಕಕ್ಕೆ ಸದೃಶವಾದದ್ದು. ಉತ್ತರರಾಮಚರಿತದ ಏಳನೆಯ ಅಂಕದಲ್ಲಿ ರಾಮನು ತನ್ನ ಕಥೆಗೆ ತಾನೇ ಪ್ರೇಕ್ಷಕನಾಗಿ ಕುಳಿತುಕೊಳ್ಳುವ ಹಾಗೆ ಇಲ್ಲಿ ಬ್ಯಾಟ್‌ಮ್ಯಾನನು ತನ್ನ ಶತ್ರುವಿನ ಕಥೆಗೆ ಪ್ರೇಕ್ಷಕನಾಗುವನು. ಕಳ್ಳನನ್ನು ಹಿಡಿಯಲು ಬಂದವನು ಸಹೃದಯನಾಗಿ ಮಾರ್ಪಡುವನು. ಕಣ್ಣೆದುರಿನಲ್ಲಿ ತನ್ನವರನ್ನು ಕಳೆದುಕೊಂಡವನಿಗಲ್ಲದೆ ಆ ಮುದ್ರಿಕೆಯ ಹೃದಯಸಂವಾದವು ಇನ್ನಾರಿಗೆ ಆಗಬೇಕು? ನಾಯಕನಿಗೂ ಪ್ರತಿನಾಯಕನಿಗೂ ಬೀಜವು ಒಂದೇ, ಫಲವು ಬೇರೆ ಎಂಬ ಅರ್ಥವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಧ್ವನಿಯಾಗಿಯೇ ನಿಲ್ಲುತ್ತದೆ.

ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳಬೇಕು. ಫ್ರೀಸನೊಡನೆ ಹೋರಾಡಿ ಬಂದ ಬ್ಯಾಟ್‌ಮ್ಯಾನನಿಗೆ ನೆಗಡಿಯಾಗುತ್ತದೆ. ವೃದ್ಧಸೇವಕನಾದ ಆಲ್ಫ್ರೆಡನು ಕೋಳಿಯ ಸಾರನ್ನು ಬಿಸಿಯಾಗಿ ತುಂಬಿ ಕೊಟ್ಟಿರುವನು. ಕೊನೆಯ ಯುದ್ಧದಲ್ಲಿ ಆ ಬಿಸಿಯ ಸಾರಿನಿಂದಲೇ ಫ್ರೀಸನ ಶಿರಸ್ತ್ರಾಣದ ಗಾಜು ಸೀಳಿಹೋಗುತ್ತದೆ. ಮೇಲ್ನೋಟಕ್ಕೆ ಇದು ಬಾಲಕರ ನಗೆಗಾಗಿ ಸೇರಿಸಿದ ಹಾಸ್ಯ. ಆದರೆ ಇಬ್ಬರು ದುಃಖಿಗಳಲ್ಲಿ ಒಬ್ಬನಿಗೆ ಮನೆಯಲ್ಲಿ ಬಿಸಿಯ ಆಹಾರವನ್ನು ಕೊಡುವವರಿದ್ದಾರೆ, ಇನ್ನೊಬ್ಬನಿಗೆ ಇಲ್ಲ ಎಂಬುದನ್ನು ಈ ಹಾಸ್ಯವು ಗುಟ್ಟಾಗಿ ಹೇಳಿಬಿಡುತ್ತದೆ. ಹಾಸ್ಯವು ಕರುಣಕ್ಕೆ ಅಂಗವಾಗಿ ಬಂದರೆ ವಿರೋಧವಿಲ್ಲವೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

೫. ಪೂರ್ವಪಕ್ಷಗಳು ಮತ್ತು ಸಮಾಧಾನ

ಇಲ್ಲಿ ಶಾಸ್ತ್ರಜ್ಞರಿಂದ ಬರಬಹುದಾದ ಆಕ್ಷೇಪವೊಂದಿದೆ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ರಸಾಭಾಸದ ಸ್ಥಾನಗಳನ್ನು ಎಣಿಸುವಾಗ ಪ್ರತಿನಾಯಕನಿಷ್ಠವಾದ ರತಿಯನ್ನೂ ಸೇರಿಸಿರುವನು. ಖಳನ ಪ್ರೇಮವು ಶಾಸ್ತ್ರರೀತ್ಯಾ ಆಭಾಸವೇ ಆಗಿರುವಲ್ಲಿ, ಆ ಪ್ರೇಮದ ನಾಶದಿಂದ ಹುಟ್ಟಿದ ಶೋಕವು ಕರುಣರಸವಾಗುವುದು ಹೇಗೆ?

ಇದಕ್ಕೆ ಸಮಾಧಾನವೇನೆಂದರೆ, ಆಭಾಸಕ್ಕೆ ಮೂಲವು ಅನೌಚಿತ್ಯ. ಪ್ರತಿನಾಯಕತ್ವವು ಸ್ವತಃ ಅಲ್ಲ. ಆ ನಿಯಮದ ಹಿಂದೆ ರಾವಣನಂಥವರು ನಿಂತಿರುವರು. ಪರಸತಿಯಲ್ಲಿ ಹುಟ್ಟಿದ, ಅವಳಿಗೆ ಇಷ್ಟವಿಲ್ಲದ ಕಾಮವು ಅನುಚಿತವೆಂಬುದರಲ್ಲಿ ಸಂಶಯವಿಲ್ಲ. ಫ್ರೀಸನ ರತಿಯಾದರೋ ಧರ್ಮಪತ್ನಿಯಲ್ಲಿ ನೆಲಸಿದ್ದು, ರೋಗದಲ್ಲಿಯೂ ಕದಲದ್ದು. ಇದು ನಾಯಕನಿಗೂ ಭೂಷಣವಾಗತಕ್ಕ ಗುಣ. ಕವಿಯು ಖಳನಲ್ಲಿ ಯಾವುದು ಖಲತ್ವಕ್ಕೆ ಸೇರದೋ ಅದನ್ನೇ ಆರಿಸಿ ಶೋಕಕ್ಕೆ ಆಶ್ರಯಮಾಡಿರುವನು. ಆದುದರಿಂದ ಆಭಾಸವಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗುರುತರವಾದದ್ದು. ಖಳನಿಗೆ ಕಣ್ಣೀರನ್ನು ಹಂಚಿದರೆ ಪ್ರೇಕ್ಷಕನು, ಅದರಲ್ಲಿಯೂ ಬಾಲಪ್ರೇಕ್ಷಕನು, ಖಲತ್ವವನ್ನು ಕ್ಷಮಿಸಲು ಕಲಿಯುವುದಿಲ್ಲವೇ? ರಾಮನಂತೆ ನಡೆಯಬೇಕು, ರಾವಣನಂತೆ ನಡೆಯಬಾರದು ಎಂಬ ಕಾಂತಾಸಮ್ಮಿತೋಪದೇಶವು ಕೆಡುವುದಿಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಉತ್ತರವನ್ನು ಕಥೆಯ ಘಟನೆಯಲ್ಲಿಯೇ ಹುಡುಕಬೇಕು. ಮೊದಲನೆಯದಾಗಿ, ಆದಿಭಾಗದಲ್ಲಿಯೇ ಶೀತಾಸ್ತ್ರದಿಂದ ಕಾಲು ಹೆಪ್ಪುಗಟ್ಟಿದ ತನ್ನ ಅನುಚರನೊಬ್ಬನನ್ನು ಫ್ರೀಸನು ಅಲ್ಲಿಯೇ ಬಿಟ್ಟು ಹೋಗುವನು. ಅವನನ್ನು ಎತ್ತಿಕೊಂಡು ಹೋಗಿ ಉಪಚರಿಸುವವನು ಬ್ಯಾಟ್‌ಮ್ಯಾನ್. ಪೂರ್ವಕಥೆ ತಿಳಿಯುವ ಮೊದಲೇ ಈ ನಿರ್ದಯತೆಯನ್ನು ಪ್ರೇಕ್ಷಕನು ಕಂಡಿರುತ್ತಾನೆ. ಎರಡನೆಯದಾಗಿ, ಬಾಯ್ಲ್‌ನು ಲೋಕೋಪಕಾರಿಯೆಂಬ ಬಿರುದನ್ನು ಪಡೆಯುವ ಸಮಾರಂಭದ ವೇಳೆಯಲ್ಲಿ ಫ್ರೀಸನು ಅವನೊಬ್ಬನನ್ನಲ್ಲದೆ ಇಡೀ ಕಟ್ಟಡವನ್ನೇ ಹಿಮದಿಂದ ಮುಚ್ಚಲು ತೊಡಗುವನು. ಒಳಗಿರುವ ಜನರ ವಿಷಯವಾಗಿ ಅವನಿಗೆ ವಿಚಾರವೇ ಇಲ್ಲ. ಅವನ ಕ್ರೋಧಕ್ಕೆ ಆಲಂಬನವು ಉಚಿತ, ಕ್ರೋಧದ ವ್ಯಾಪಾರವು ಅನುಚಿತ. ಹೆಂಡತಿಯನ್ನು ಲೆಕ್ಕದ ಪುಸ್ತಕದ ಒಂದು ಖರ್ಚೆಂದು ಬಾಯ್ಲ್‌ನು ಎಣಿಸಿದ ಹಾಗೆಯೇ ಫ್ರೀಸನೂ ಆ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತನಗೆ ಆದ ಅನ್ಯಾಯವನ್ನೇ ಅವನು ಇತರರಿಗೆ ಮಾಡುತ್ತಿರುವನು. ಅದು ಅವನಿಗೆ ತಿಳಿಯದು. ಶೋಕವು ಅವನಿಂದ ಕಸಿದುಕೊಂಡಿರುವುದು ಈ ತಿಳಿವನ್ನೇ.

ಮೂರನೆಯದಾಗಿ ದಂಡನೀತಿ. ಬ್ಯಾಟ್‌ಮ್ಯಾನನು ಸೊಂಟದವರೆಗೆ ಹೆಪ್ಪುಗಟ್ಟಿ ನಿಂತ ಬಾಯ್ಲ್‌ನನ್ನು ಸಾವಿನಿಂದ ಉಳಿಸುವನು. ಆದರೆ ಅವನ ದುಷ್ಕೃತ್ಯವನ್ನು ತೋರಿಸುವ ಮುದ್ರಿಕೆಯನ್ನು ಪತ್ರಕರ್ತೆಯ ಕೈಗೆ ಒಪ್ಪಿಸುವನು. ಫ್ರೀಸನನ್ನು ಕನಿಕರಿಸುವನು, ಆದರೆ ಸೆರೆಗೆ ಒಪ್ಪಿಸುವನು. ಇಬ್ಬರು ಅಪರಾಧಿಗಳಿಗೂ ಅವರವರಿಗೆ ತಕ್ಕ ದಂಡನೆಯಾಗುತ್ತದೆ. ಕರುಣೆಯಿಂದ ದಂಡವು ತಪ್ಪಲಿಲ್ಲ, ದಂಡದಿಂದ ಕರುಣೆ ಆರಲಿಲ್ಲ. ಕೊನೆಯ ದೃಶ್ಯದಲ್ಲಿ ಸೆರೆಮನೆಯ ಶೀತಕೋಣೆಯಲ್ಲಿ ಫ್ರೀಸನು ಅದೇ ಗಾಜಿನ ಗೋಳವನ್ನು ಹಿಡಿದು, ತಾನು ಸೋತೆನೆಂದು ಹೆಂಡತಿಯ ಕ್ಷಮೆಯನ್ನು ಬೇಡುವನು. ಹೊರಗೆ ಹಿಮ ಬೀಳುತ್ತಿರಲು ಬ್ಯಾಟ್‌ಮ್ಯಾನನು ದೂರದಿಂದ ನೋಡುತ್ತ ನಿಂತಿರುವನು. ಭಾವವೇ ಇಲ್ಲವೆಂದು ಹೇಳಿಕೊಂಡವನ ಮಾತು ಸುಳ್ಳೆಂದು ತಿಳಿಯುವುದು ಇಲ್ಲಿ. ಇಷ್ಟರಲ್ಲಿ ಕಥೆ ಮುಗಿಯುತ್ತದೆ. ಉಪದೇಶವು ಕೆಟ್ಟಿತೆನ್ನಲು ಅವಕಾಶವಿಲ್ಲ; ಉಪದೇಶವು ಇನ್ನೂ ಸೂಕ್ಷ್ಮವಾಯಿತೆನ್ನಬೇಕು.

ಇದೇ ಚಿತ್ರಮಾಲೆಯಲ್ಲಿ ಜೋಕರ್ ಎಂಬ ಪ್ರಧಾನ ಖಳನಿಗೆ ಇಂಥ ಶೋಕವನ್ನು ಕೊಡಲಿಲ್ಲವೆಂಬುದೂ ಗಮನಾರ್ಹ. ೧೯೪೦ರಲ್ಲಿ ಹುಟ್ಟಿದ ಆ ಪಾತ್ರವು ಕಾರಣವಿಲ್ಲದ ನಗೆಯಿಂದಲೇ ಭಯಾನಕವಾಗುವಂಥದು. ಅದಕ್ಕೆ ಕಾರಣವನ್ನು ಹೇಳಿದರೆ ಭಯವು ಕುಗ್ಗುವುದು. ಯಾವ ಖಳನಿಗೆ ಶೋಕವು ಉಚಿತ, ಯಾರಿಗೆ ಅನುಚಿತ ಎಂಬ ವಿವೇಕವು ಈ ಕರ್ತೃಗಳಿಗೆ ಇತ್ತು. ಬಾಯ್ಲ್‌ನಿಗೂ ಜೋಕರನಿಗೂ ಕಂಠವನ್ನು ಕೊಟ್ಟವನು ಮಾರ್ಕ್ ಹ್ಯಾಮಿಲ್ ಎಂಬ ಒಬ್ಬನೇ ನಟನು. ನಗುನಗುತ್ತ ಕೊಲ್ಲುವ ಗುಣವು ಇಬ್ಬರಿಗೂ ಸಾಮಾನ್ಯವೆಂಬುದು ಕೇಳುವವರ ಕಿವಿಗೆ ಹೊಳೆದೀತು.

೬. ಅನಂತರದ ರೂಪಾಂತರಗಳು

ಈ ಕಥೆಯ ಪ್ರಭಾವವು ಮೂಲಕ್ಕೇ ತಿರುಗಿ ಹರಿಯಿತು. ೧೯೯೭ರಲ್ಲಿ ಡಿನಿಯೇ ಬರೆದ ಕಾಮಿಕ್ ಪುಸ್ತಕವೊಂದರಿಂದ ನೋರಾಳ ವೃತ್ತಾಂತವು ಪುಸ್ತಕಪರಂಪರೆಯಲ್ಲಿಯೂ ಸ್ಥಾನವನ್ನು ಪಡೆಯಿತು. ಅನುವಾದವು ಮೂಲವನ್ನು ತಿದ್ದುವುದು ಅಪೂರ್ವವಾದ ಸಂಗತಿ.

ಆದರೆ ಉತ್ತರಕಥೆಗಳನ್ನು ಪರೀಕ್ಷಿಸುವಾಗ ಭರತನ ಒಂದು ವಿವೇಚನೆಯು ಅತ್ಯಾವಶ್ಯಕ. ಕರುಣವು ನಿರಪೇಕ್ಷಭಾವವುಳ್ಳದ್ದು, ಎಂದರೆ ಪುನಸ್ಸಮಾಗಮದ ಆಶೆ ಇಲ್ಲದ್ದು. ವಿಪ್ರಲಂಭವು ಸಾಪೇಕ್ಷಭಾವವುಳ್ಳದ್ದು ಎಂದು ಅವನು ವಿಭಾಗಿಸಿರುವನು. ‘ಹಾರ್ಟ್ ಆಫ್ ಐಸ್’ನಲ್ಲಿ ನೋರಾ ತೀರಿಹೋದಳೆಂಬ ಭಾವನೆಯೇ ಉಂಟಾಗುತ್ತದೆ, ಫ್ರೀಸನಿಗೆ ಉಳಿದಿರುವುದು ಪ್ರತೀಕಾರವೊಂದೇ. ಆದುದರಿಂದ ಇದು ಶುದ್ಧಕರುಣ. ೧೯೯೪ರ ‘ಡೀಪ್ ಫ್ರೀಜ್’ ಎಂಬ ಕಥೆಯಲ್ಲಿ ಅವಳು ಶೀತನಿದ್ರೆಯಲ್ಲಿ ಇನ್ನೂ ಉಳಿದಿರುವಳೆಂಬುದು ಹೊರಪಡುತ್ತದೆ. ಆ ಕ್ಷಣದಿಂದ ರಸವು ಬದಲಾಗುತ್ತದೆ. ಕಾದಂಬರಿಯಲ್ಲಿ ಪುಂಡರೀಕನು ಮಡಿದಾಗ ಮಹಾಶ್ವೇತೆಯದು ಕರುಣ. ಆಕಾಶವಾಣಿಯಿಂದ ಪುನಸ್ಸಮಾಗಮದ ಭರವಸೆ ಬಂದ ಮೇಲೆ ಅದು ಶೃಂಗಾರದ ಕಡೆಗೆ ತಿರುಗಿ ಕರುಣವಿಪ್ರಲಂಭವಾಗುವುದೆಂದು ಆಲಂಕಾರಿಕರು ನಿರ್ಣಯಿಸಿರುವುದು ಇಲ್ಲಿಗೆ ಅಕ್ಷರಶಃ ಸಲ್ಲುತ್ತದೆ. ೧೯೯೮ರ ‘ಸಬ್‌ಜೀರೋ’ ಎಂಬ ದೀರ್ಘಚಿತ್ರದಲ್ಲಿ ನೋರಾ ಗುಣಹೊಂದುವಳು. ಫ್ರೀಸನು ಆ ವಾರ್ತೆಯನ್ನು ಉತ್ತರದ ಹಿಮಪ್ರದೇಶದಲ್ಲಿ ದೂರದಿಂದ ತಿಳಿದು ತೃಪ್ತನಾಗುವನು. ಇದು ವಿಪ್ರಲಂಭಕ್ಕೆ ಯೋಗ್ಯವಾದ ಮುಕ್ತಾಯವೇ. ಆದರೂ ಒಂದು ನಷ್ಟವಾಗಿದೆ. ಆಶೆಯಿರುವವನ ಅಪರಾಧವು ಉಪಾಯವಾಗಿಬಿಡುತ್ತದೆ. ಹೆಂಡತಿಯನ್ನು ಉಳಿಸಲು ಮಾಡಿದನೆಂಬ ನೆಪವು ಅದಕ್ಕೆ ದೊರೆಯುತ್ತದೆ. ಆಶೆಯಿಲ್ಲದವನ ಅಪರಾಧಕ್ಕೆ ಅಂಥ ನೆಪವಿಲ್ಲ. ಮೊದಲ ಕಥೆಯ ಗಾಂಭೀರ್ಯವು ಆ ನೆಪವಿಲ್ಲದಿರುವಿಕೆಯಲ್ಲಿಯೇ ಇತ್ತು.

೧೯೯೭ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಎಂಬ ಚಲಚ್ಚಿತ್ರದಲ್ಲಿ ಆರ್ನಲ್ಡ್ ಶ್ವಾರ್ಟ್ಸೆನೆಗರ್ ಈ ಪಾತ್ರವನ್ನು ವಹಿಸಿದನು. ನೋರಾಳ ಕಥೆಯನ್ನು ಅಲ್ಲಿ ಇಟ್ಟುಕೊಂಡರು. ಜೊತೆಗೆ ಶೈತ್ಯವನ್ನು ಕುರಿತ ಹಳೆಯ ಶ್ಲೇಷೆಗಳನ್ನೂ ಅವನ ಬಾಯಲ್ಲಿ ತುಂಬಿದರು. ಹಾಸ್ಯವು ಕರುಣಕ್ಕೆ ಅಂಗವಾಗದೆ ಸಮಪ್ರಧಾನವಾಗಿ ನಿಂತುದರಿಂದ ಎರಡೂ ಕೆಟ್ಟುವು. ಇಪ್ಪತ್ತೆರಡು ನಿಮಿಷದಲ್ಲಿ ಸಾಧಿಸಬಹುದಾದ ಕಾರ್ಯವು ಎರಡು ಗಂಟೆಗಳಲ್ಲಿ ಸಾಧ್ಯವಾಗದೆ ಹೋಗಲು ಔಚಿತ್ಯಭಂಗವಲ್ಲದೆ ಬೇರೆ ಕಾರಣವಿಲ್ಲ.

೨೦೧೨ರಲ್ಲಿ ಸ್ಕಾಟ್ ಸ್ನೈಡರ್ ಮತ್ತು ಜೇಮ್ಸ್ ಟೈನಿಯನ್ ಎಂಬವರು ‘ಬ್ಯಾಟ್‌ಮ್ಯಾನ್’ ಪತ್ರಿಕೆಯ ವಾರ್ಷಿ­ಕ ಸಂಚಿಕೆಯಲ್ಲಿ ಇನ್ನೂ ವಿಪರೀತವಾದ ಮಾರ್ಪಾಡನ್ನು ಮಾಡಿದರು. ನೋರಾ ಫ್ರೀಸನ ಹೆಂಡತಿಯೇ ಅಲ್ಲ. ಬಹುಕಾಲದ ಹಿಂದೆ ಶೀತನಿದ್ರೆಗೆ ಸೇರಿಸಲ್ಪಟ್ಟ ಬೇರೆಯ ರೋಗಿ. ಅವಳನ್ನು ಹೆಂಡತಿಯೆಂದು ತಿಳಿದುದು ಅವನ ಚಿತ್ತಭ್ರಮೆ. ಮೇಲೆ ಹೇಳಿದ ವಿಶ್ವನಾಥನ ನಿಯಮದ ಬಲವು ಇಲ್ಲಿ ಪ್ರತ್ಯಕ್ಷವಾಗುತ್ತದೆ. ಇಬ್ಬರಲ್ಲಿಯೂ ನೆಲಸದ, ಒಬ್ಬನಲ್ಲಿಯೇ ಇರುವ ರತಿಯು ಆಭಾಸ. ಡಿನಿಯು ಯಾವ ಔಚಿತ್ಯದಿಂದ ಖಳನ ಶೋಕವನ್ನು ಆಭಾಸದಿಂದ ತಪ್ಪಿಸಿದ್ದನೋ ಆ ಔಚಿತ್ಯವನ್ನೇ ಇವರು ಕಿತ್ತುಹಾಕಿದರು. ಕಥೆಯು ಚಮತ್ಕಾರವುಳ್ಳದ್ದೆಂಬುದನ್ನು ಒಪ್ಪಬಹುದು. ಬೀಭತ್ಸಕ್ಕೆ ಅದು ಪೋಷಕವೂ ಹೌದು. ಕರುಣವು ಮಾತ್ರ ಉಳಿಯಲಿಲ್ಲ. ೨೦೧೯ರ ಹೊತ್ತಿಗೆ ಪುಸ್ತಕಪರಂಪರೆಯು ನೋರಾಳನ್ನು ಪುನಃ ಪತ್ನಿಯಾಗಿಯೇ ಅಂಗೀಕರಿಸಿ ಅವಳನ್ನು ನಿದ್ರೆಯಿಂದ ಎಚ್ಚರಿಸಿತು. ಸಹೃದಯರ ಸಮ್ಮತಿಯು ಯಾವ ಕಡೆಗೆ ಇತ್ತೆಂಬುದಕ್ಕೆ ಇದನ್ನು ಸಾಕ್ಷ್ಯವಾಗಿ ಗ್ರಹಿಸಬಹುದು.

ಮೊದಲ ಕಥೆಯಲ್ಲಿಯೂ ಒಂದು ನ್ಯೂನತೆಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ನೋರಾ ಬರಿಯ ಆಲಂಬನವಾಗಿಯೇ ಉಳಿದಿರುವಳು. ಅವಳಿಗೆ ಒಂದು ಮಾತೂ ಇಲ್ಲ, ಒಂದು ಸ್ವಭಾವವೂ ಇಲ್ಲ. ನಮಗೆ ತಿಳಿದಿರುವುದು ಅವಳ ನಿದ್ರೆ ಮಾತ್ರ. ಸೀತೆಯನ್ನು ಮೊದಲ ಅಂಕದಲ್ಲಿ ಮಾತನಾಡಿಸಿದುದರಿಂದಲ್ಲವೇ ಮೂರನೆಯ ಅಂಕದ ರಾಮನ ಶೋಕಕ್ಕೆ ಅಷ್ಟು ಬಲ ಬಂದದ್ದು? ಕಾಲದ ಸಂಕೋಚವು ಇದಕ್ಕೆ ಕಾರಣವಿರಬಹುದು. ಅನಂತರದ ಲೇಖಕರು ಅವಳನ್ನು ತಮ್ಮ ಮನಬಂದಂತೆ ಮಾರ್ಪಡಿಸಲು ಸಾಧ್ಯವಾದದ್ದೂ ಈ ಶೂನ್ಯತೆಯಿಂದಲೇ.

೭. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅಂಶಗಳು ಫಲಿಸುತ್ತವೆ. ಪ್ರಸಿದ್ಧನಾದ ಖಳನನ್ನು ಹೊಸ ಮಾಧ್ಯಮಕ್ಕೆ ತರುವ ಕವಿಯು ಅವನ ಬಾಹ್ಯಲಕ್ಷಣಗಳನ್ನು ಬಿಡಬೇಕಾಗಿಲ್ಲ. ಅವುಗಳಿಗೆ ಆಶ್ರಯವಾಗುವ ಸ್ಥಾಯಿಯೊಂದನ್ನು ಹುಡುಕಬೇಕು. ಆ ಸ್ಥಾಯಿಯು ಖಳನಲ್ಲಿ ಉಚಿತವಾಗಿರತಕ್ಕ ಭಾವದಿಂದಲೇ ಹುಟ್ಟಬೇಕು; ಇಲ್ಲವಾದರೆ ಆಭಾಸವಾಗುವುದು. ಕೊನೆಯದಾಗಿ, ಖಳನು ಏಕೆ ಹಾಗಾದನೆಂದು ತಿಳಿಸುವುದು ಬೇರೆ, ಹಾಗಾದುದು ಸರಿಯೆಂದು ಒಪ್ಪಿಸುವುದು ಬೇರೆ. ಈಗಿನ ಕಥೆಗಾರರಲ್ಲಿ ಪ್ರತಿಯೊಬ್ಬ ಖಳನಿಗೂ ಒಂದು ಗಾಯವನ್ನು ಅಂಟಿಸುವ ರೂಢಿ ಹೆಚ್ಚಾಗಿದೆ. ಗಾಯವನ್ನು ತೋರಿಸಿದ ಮಾತ್ರಕ್ಕೆ ಕರುಣವು ಸಿದ್ಧಿಸುವುದಿಲ್ಲ. ಅದನ್ನು ಕಂಡವನು ಕನಿಕರವನ್ನೂ ನ್ಯಾಯವನ್ನೂ ಏಕಕಾಲದಲ್ಲಿ ಹಿಡಿದುಕೊಂಡು ನಿಲ್ಲಬಲ್ಲನೇ ಎಂಬುದರ ಮೇಲೆ ಅದು ನಿಂತಿದೆ. ಹಿಮದಲ್ಲಿ ಹೊರಗೆ ನಿಂತು ನೋಡುವ ಆ ನಾಯಕನ ಸ್ಥಾನವೇ ಸಹೃದಯನ ಸ್ಥಾನ. ಸಾಹಿತ್ಯವನ್ನು ಬೋಧಿಸುವವರು ಪ್ರತಿನಾಯಕಪ್ರಕರಣವನ್ನು ವಿವರಿಸುವಾಗ ದುರ್ಯೋಧನ ರಾವಣರ ಜೊತೆಗೆ ಈ ನಿದರ್ಶನವನ್ನೂ ವಿದ್ಯಾರ್ಥಿಗಳ ಮುಂದೆ ಇಟ್ಟರೆ ಶಾಸ್ತ್ರವು ಹಳೆಯದೆಂಬ ಅವರ ಭಾವನೆಯು ಸ್ವಲ್ಪಮಟ್ಟಿಗಾದರೂ ದೂರವಾಗಬಹುದು.